ಯಾರು ಏನು ಡೌನ್‌ಲೋಡ್ ಮಾಡುತ್ತಿದ್ದೀರಿ?

ಮನೆಯಲ್ಲಿ ಇಂಟರ್‌ನೆಟ್ ನಿಧಾನವಾದ ಕೂಡಲೇ ಯಾವುದಾದರೂ ಒಂದು ಕೋಣೆಯಿಂದ ಈ ಪ್ರಶ್ನೆ ಕೇಳಿಬರುತ್ತದೆ. ಕೇಳುವವರ ದನಿಯಲ್ಲಿ ವಿಚಾರಣೆಗಿಂತ ಆರೋಪವೇ ಹೆಚ್ಚಾಗಿರುತ್ತದೆ. ಉತ್ತರಿಸುವವರ ದನಿಯಲ್ಲಿ ಸ್ವಲ್ಪ ಅಪರಾಧಿ ಭಾವವೂ ಸ್ವಲ್ಪ ಸಿಡುಕೂ ಬೆರೆತಿರುತ್ತವೆ. ಒಂದೇ ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ನಾಲ್ಕೈದು ಕಂಪ್ಯೂಟರ್‌ಗಳು ಹಂಚಿಕೊಂಡಿರುವ ಯಾವ ಮನೆಯಲ್ಲಾದರೂ ಇದು ನಡೆಯುತ್ತದೆ ಎಂದುಕೊಂಡಿದ್ದೇನೆ. ನಾನೂ ಬಹಳ ವರ್ಷ ಈ ಪ್ರಶ್ನೆಯನ್ನು ಕೇಳಿದ್ದೇನೆ, ಮತ್ತು ಪ್ರತಿ ಸಲವೂ ತಪ್ಪಿತಸ್ಥರು ಮನೆಯೊಳಗೇ ಎಲ್ಲೋ ಪರದೆಯ ಮುಂದೆ ಕುಳಿತಿದ್ದಾರೆ ಎಂದು ನಂಬಿಯೇ ಕೇಳಿದ್ದೇನೆ. ಆ ನಂಬಿಕೆ ಎಷ್ಟು ದುರ್ಬಲವಾದದ್ದು ಎಂಬುದು ನನಗೆ ತಿಳಿದದ್ದು ತಂಗಿಯ ಒಂದು ಸಂದರ್ಶನದ ದಿನ.

ಕೆಲಸಕ್ಕಾಗಿ ಅವಳಿಗೆ ವಿಡಿಯೊ ಕರೆಯಲ್ಲಿ ಸಂದರ್ಶನವಿತ್ತು. ಒಳಗಿನ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಕುಳಿತಿದ್ದಳು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಬಾಗಿಲಿನ ಆಚೆಯಿಂದ 'ಕೇಳಿಸುತ್ತಿದೆಯಾ ಸರ್? ಈಗ ಕೇಳಿಸುತ್ತಿದೆಯಾ?' ಎಂಬ ಮಾತು ಮತ್ತೆ ಮತ್ತೆ ಬರತೊಡಗಿತು. ನಡುಮನೆಯಲ್ಲಿ ಅಪ್ಪ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು ಉಪನ್ಯಾಸದ ವಿಡಿಯೊ ನೋಡುತ್ತಿದ್ದರು. ನಾನು ಹೋಗಿ, 'ಅಪ್ಪ, ದಯವಿಟ್ಟು ಅದನ್ನು ನಿಲ್ಲಿಸಿ, ಅವಳ ಕರೆ ತುಂಡಾಗುತ್ತಿದೆ' ಎಂದೆ. ಅವರು ಒಂದು ಮಾತೂ ಆಡದೆ ನಿಲ್ಲಿಸಿದರು. ಲ್ಯಾಪ್‌ಟಾಪ್ ಮುಚ್ಚಿ ಕೈ ಕಟ್ಟಿಕೊಂಡು ಕುಳಿತರು. ಆದರೆ ಒಳಗಿನ ಮಾತು ನಿಲ್ಲಲಿಲ್ಲ. 'ಕೇಳಿಸುತ್ತಿದೆಯಾ ಸರ್?' ಮುಂದುವರಿಯಿತು. ಮುಕ್ಕಾಲು ಗಂಟೆಯ ನಂತರ ಅವಳು ಹೊರಗೆ ಬಂದು, ಕೊನೆಯ ಭಾಗವನ್ನು ಅವರು ಫೋನಿನಲ್ಲಿ ಮುಗಿಸಿದರೆಂದು ಹೇಳಿ, ನೀರು ಕುಡಿದು ಮತ್ತೆ ಕೋಣೆಗೆ ಹೋದಳು. ಆ ಕೆಲಸ ಅವಳಿಗೆ ಸಿಗಲಿಲ್ಲ. ಅದಕ್ಕೆ ಇದೊಂದೇ ಕಾರಣವೆಂದು ನಾನು ಹೇಳಲಾರೆ, ಅವಳೂ ಹಾಗೆ ಹೇಳಿಲ್ಲ.

ಆ ಹೊತ್ತಿನಲ್ಲಿ ನನ್ನ ಕಂಪ್ಯೂಟರ್ ಯಾರೂ ಮುಟ್ಟದೆ ಮೂಲೆಯಲ್ಲಿತ್ತು, ಪರದೆ ಕಪ್ಪಾಗಿತ್ತು. ಅದು ಏನು ಮಾಡುತ್ತಿತ್ತು ಎಂಬುದು ನನಗೆ ತಿಳಿದದ್ದು ಎರಡು ದಿನಗಳ ನಂತರ.

ಎರಡು ಕಾರ್ಡುಗಳ ಕಾಲ

ತಂಗಿಯ ಕೆಲಸಕ್ಕೆ ನನ್ನ ಕಂಪ್ಯೂಟರ್ ಅಡ್ಡ ಬಂದದ್ದು ಇದೇ ಮೊದಲ ಸಲವಾಗಿರಲಿಲ್ಲ. ಮನೆಗೆ ಮೊದಲ ಬಾರಿ ಬ್ರಾಡ್‌ಬ್ಯಾಂಡ್ ಬಂದಾಗ ಮೋಡೆಮ್‌ಗೆ ಇದ್ದದ್ದು ಒಂದೇ ನೆಟ್‌ವರ್ಕ್ ಕಿಂಡಿ, ಅಂದರೆ ಒಂದೇ ಕಂಪ್ಯೂಟರ್‌ಗೆ ಜಾಗ. ಅದು ನನ್ನದಾಗಿತ್ತು. ಅವಳ ಕಂಪ್ಯೂಟರ್‌ಗೂ ಇಂಟರ್‌ನೆಟ್ ಬೇಕೆಂದಾಗ ನನ್ನದಕ್ಕೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಹಾಕಿ, ಅಲ್ಲಿಂದ ಅವಳ ಕೋಣೆಗೆ ಒಂದು ಕ್ರಾಸ್‌ಓವರ್ ಕೇಬಲ್ ಎಳೆದೆ. ಒಂದು ತುದಿಯಲ್ಲಿ ಕಳುಹಿಸುವ ತಂತಿಗಳು ಇನ್ನೊಂದು ತುದಿಯಲ್ಲಿ ಪಡೆಯುವ ತಂತಿಗಳಾಗಿ ಅದಲುಬದಲಾಗಿರುವ ಕೇಬಲ್ ಅದು; ಸಾಮಾನ್ಯ ಕೇಬಲ್ ಹಾಕಿದರೆ ಅಂದಿನ ಎರಡು ಕಾರ್ಡುಗಳು ಒಂದರ ಮಾತು ಇನ್ನೊಂದಕ್ಕೆ ಕೇಳಿಸದೆ ಸುಮ್ಮನಿರುತ್ತಿದ್ದವು. 1999ರಲ್ಲಿ ಬಂದ ವಿಂಡೋಸ್ 98ರ ಎರಡನೇ ಆವೃತ್ತಿಯಿಂದಲೇ 'ಇಂಟರ್‌ನೆಟ್ ಕನೆಕ್ಷನ್ ಶೇರಿಂಗ್' ಎಂಬ ಸೌಲಭ್ಯ ವಿಂಡೋಸ್‌ನಲ್ಲಿತ್ತು. ಅದನ್ನು ಆನ್ ಮಾಡಿದರೆ ನನ್ನ ಎರಡನೇ ಕಾರ್ಡ್ 192.168.0.1 ಎಂಬ ವಿಳಾಸ ಹೊತ್ತು ಅವಳ ಕಂಪ್ಯೂಟರ್‌ಗೆ ಹೆಬ್ಬಾಗಿಲಾಗುತ್ತಿತ್ತು. ಅವಳ ಪರದೆಯ ಮೇಲೆ ಮೊದಲ ಪುಟ ತೆರೆದುಕೊಂಡಾಗ ನಮ್ಮಿಬ್ಬರಿಗೂ ಆದ ಸಂತೋಷ ನನಗೆ ಇಂದಿಗೂ ನೆನಪಿದೆ.

ಆ ಏರ್ಪಾಡಿನಲ್ಲಿ ಒಂದು ಕೊರತೆಯಿತ್ತು, ಅದನ್ನು ನಾನು ಕೊರತೆಯೆಂದು ಎಣಿಸಿರಲಿಲ್ಲ. ನನ್ನ ಕಂಪ್ಯೂಟರ್ ಚಾಲೂ ಇದ್ದರೆ ಮಾತ್ರ ಅವಳಿಗೆ ಇಂಟರ್‌ನೆಟ್. ಒಂದು ರಾತ್ರಿ ಕಣ್ಣು ಎಳೆಯತೊಡಗಿತೆಂದು ನಾನು ಎಂದಿನಂತೆ ಕಂಪ್ಯೂಟರ್ ಆರಿಸಿ ದೀಪವನ್ನೂ ಆರಿಸಿದೆ. ಎರಡೇ ನಿಮಿಷದಲ್ಲಿ ಬಾಗಿಲು ತೆರೆಯಿತು. 'ಅಣ್ಣ, ಆಫ್ ಮಾಡಿಬಿಟ್ಟೆಯಾ?' ಅವಳು ಪ್ರವೇಶ ಪರೀಕ್ಷೆಯ ಅರ್ಜಿ ತುಂಬುತ್ತಿದ್ದಳು. ಕೊನೆಯ ದಿನಾಂಕ ಅಂದೇ, ಗಡುವು ನಡುರಾತ್ರಿ ಹನ್ನೆರಡು. ಕಂಪ್ಯೂಟರ್ ಮತ್ತೆ ಏಳುವುದಕ್ಕೆ, ಮೋಡೆಮ್ ಮತ್ತೆ ಲಾಗಿನ್ ಆಗುವುದಕ್ಕೆ ಹಿಡಿದ ಆ ಐದಾರು ನಿಮಿಷಗಳಲ್ಲಿ ಅವಳು ಒಂದು ಮಾತೂ ಆಡದೆ ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಅರ್ಧ ತುಂಬಿದ ಅರ್ಜಿ ಕಳೆದುಹೋಗಿತ್ತು. ಮೊದಲಿನಿಂದ ತುಂಬಿ ಕಳುಹಿಸಿದಾಗ ಹನ್ನೆರಡಕ್ಕೆ ಇನ್ನೇನು ಕೆಲವು ನಿಮಿಷಗಳಿದ್ದವು.

ಆಮೇಲೆ ರೂಟರ್ ಬಂತು. ಹಂಚುವ ಕೆಲಸ ಯಾರ ಕಂಪ್ಯೂಟರಿನದೂ ಆಗಿರದೆ, ಎಲ್ಲರಿಗೂ ಸಮಾನ ದೂರದಲ್ಲಿ ಗೋಡೆಯ ಮೇಲೆ ಕುಳಿತ ಒಂದು ಪೆಟ್ಟಿಗೆಯದಾಯಿತು. ಇನ್ನು ಮುಂದೆ ಯಾರೂ ಯಾರ ಹಂಗಿನಲ್ಲೂ ಇಲ್ಲ ಎಂದು ನಾನು ಅಂದು ಭಾವಿಸಿದ್ದೆ. ಕೇಬಲ್ಲಿನ ಮಟ್ಟಿಗೆ ಅದು ನಿಜವೂ ಆಗಿತ್ತು.

ಒಂದು ವಿಳಾಸದ ಮರೆಯಲ್ಲಿ

ಆ ಪೆಟ್ಟಿಗೆ ಮಾಡುವ ಮುಖ್ಯ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದೆ ಬರುವ ತೊಡಕಿನ ಬೇರು ಅಲ್ಲೇ ಇದೆ. ಸಂಪರ್ಕ ಕೊಡುವ ಕಂಪನಿ ಸಾಮಾನ್ಯವಾಗಿ ಮನೆಗೆ ಕೊಡುವುದು ಒಂದೇ ಐಪಿ ವಿಳಾಸ, ಅಂದರೆ ಇಂಟರ್‌ನೆಟ್‌ನಲ್ಲಿ ಆ ಮನೆಯನ್ನು ಗುರುತಿಸುವ ಸಂಖ್ಯೆ. ಒಳಗಿರುವ ಯಂತ್ರಗಳು ಐದೋ ಹತ್ತೋ. ಇಂಟರ್‌ನೆಟ್‌ನ ಹಳೆಯ ವಿಳಾಸ ಪದ್ಧತಿ 32 ಬಿಟ್‌ಗಳದ್ದು, ಅಂದರೆ ಸೊನ್ನೆ ಅಥವಾ ಒಂದು ಬರಬಹುದಾದ 32 ಸ್ಥಾನಗಳದ್ದು, ಆದ್ದರಿಂದ ಇಡೀ ಜಗತ್ತಿಗೆ ಇರುವುದು ಸುಮಾರು 430 ಕೋಟಿ ವಿಳಾಸಗಳು. ಅವು ಸಾಲುವುದಿಲ್ಲ ಎಂಬುದು 1990ರ ದಶಕದ ಆರಂಭದಲ್ಲೇ ಸ್ಪಷ್ಟವಾಗಿತ್ತು. 1994ರಲ್ಲಿ ಎಗೆವಾಂಗ್ ಮತ್ತು ಫ್ರಾನ್ಸಿಸ್ ಎಂಬ ಇಬ್ಬರು ಎಂಜಿನಿಯರುಗಳು ವಿಳಾಸ ಬದಲಾಯಿಸುವ ಒಂದು ಉಪಾಯವನ್ನು ದಾಖಲಿಸಿದರು. ನೆಟ್‌ವರ್ಕ್ ಅಡ್ರೆಸ್ ಟ್ರಾನ್ಸ್‌ಲೇಶನ್, ಚಿಕ್ಕದಾಗಿ ನ್ಯಾಟ್, ಎಂದು ಕರೆಯುವ ಈ ಉಪಾಯವನ್ನು ಅವರು ಮುಂದಿಟ್ಟದ್ದು ತಾತ್ಕಾಲಿಕ ಪರಿಹಾರವೆಂದು. ಅದೇ ವರ್ಷ ಮನೆ ಮತ್ತು ಕಚೇರಿಗಳ ಒಳಬಳಕೆಗೆಂದೇ ಕೆಲವು ವಿಳಾಸಗಳನ್ನು ತೆಗೆದಿರಿಸಲಾಯಿತು, 192.168ರಿಂದ ಆರಂಭವಾಗುವ, ನಮಗೆಲ್ಲ ಪರಿಚಿತವಾದ 65,536 ವಿಳಾಸಗಳು ಆ ಗುಂಪಿಗೆ ಸೇರಿದವು. ತಾತ್ಕಾಲಿಕವೆಂದುಕೊಂಡದ್ದು ಶಾಶ್ವತದಂತೆ ನೆಲೆಯೂರಿತು. 2011ರ ಫೆಬ್ರುವರಿ 3ರಂದು ಜಾಗತಿಕ ದಾಸ್ತಾನಿನಲ್ಲಿ ಉಳಿದಿದ್ದ ಕೊನೆಯ ಐದು ದೊಡ್ಡ ಕಟ್ಟುಗಳನ್ನೂ ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿ ಮುಗಿಸಿದಾಗ, ನಮ್ಮ ಮನೆಗಳು ಸಂಪರ್ಕ ಕಳೆದುಕೊಳ್ಳದೆ ಇದ್ದದ್ದು ಬಹುಮಟ್ಟಿಗೆ ಈ ಉಪಾಯದಿಂದಲೇ.

ಉಪಾಯ ಹೀಗಿದೆ. ಅಪ್ಪನ ಲ್ಯಾಪ್‌ಟಾಪ್‌ನಿಂದ ಒಂದು ಪ್ಯಾಕೆಟ್, ಅಂದರೆ ದತ್ತಾಂಶದ ಒಂದು ಪುಟ್ಟ ತುಣುಕು, ಹೊರಟಾಗ ರೂಟರ್ ಅದರ ಮೇಲಿನ ಒಳವಿಳಾಸವನ್ನು ಅಳಿಸಿ, ಮನೆಯ ಹೊರವಿಳಾಸವನ್ನು ಬರೆಯುತ್ತದೆ. ಜೊತೆಗೆ ಒಂದು ಪೋರ್ಟ್ ಸಂಖ್ಯೆಯನ್ನೂ ಹಚ್ಚಿ, ಈ ಸಂಖ್ಯೆಗೆ ಬರುವ ಉತ್ತರ ಇಂಥ ಯಂತ್ರದ್ದು ಎಂದು ತನ್ನ ಕೋಷ್ಟಕದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಉತ್ತರ ಬಂದಾಗ ಕೋಷ್ಟಕ ನೋಡಿ ಒಳಕ್ಕೆ ತಲುಪಿಸುತ್ತದೆ. ಪೋರ್ಟ್ ಸಂಖ್ಯೆ 16 ಬಿಟ್‌ಗಳದ್ದಾದ್ದರಿಂದ ಒಂದೇ ವಿಳಾಸದ ಮರೆಯಲ್ಲಿ ಸಾವಿರಾರು ಸಂಭಾಷಣೆಗಳು ಏಕಕಾಲಕ್ಕೆ ನಡೆಯಬಹುದು. ಕೋಷ್ಟಕದಲ್ಲಿ ಗುರುತಿಲ್ಲದೆ ಹೊರಗಿನಿಂದ ತಾನಾಗಿ ಬರುವ ಪ್ಯಾಕೆಟ್ ಯಾರದೆಂದು ತಿಳಿಯದೆ ಬಾಗಿಲಲ್ಲೇ ಬಿದ್ದುಹೋಗುತ್ತದೆ. ಮನೆಯೊಳಗಿನ ಕಂಪ್ಯೂಟರ್‌ಗೆ ಹೊರಗಿನಿಂದ ನೇರವಾಗಿ ಸೇರಬಯಸುವವರು, ಇಂಥ ಪೋರ್ಟಿಗೆ ಬಂದದ್ದು ಇಂಥ ಯಂತ್ರಕ್ಕೆ ಎಂದು ಮೊದಲೇ ಗುರುತು ಹಾಕಿಡುವ ಪೋರ್ಟ್ ಫಾರ್ವರ್ಡಿಂಗ್ ಮಾಡಿಕೊಳ್ಳಬೇಕಾಗಿ ಬರುವುದು ಇದರಿಂದ. ಕಂಪನಿಯ ಮೋಡೆಮ್ ಕೂಡ ತಾನೇ ರೂಟರ್ ಆಗಿದ್ದು, ಅದರ ಹಿಂದೆ ನಮ್ಮ ಇನ್ನೊಂದು ರೂಟರ್ ಇಟ್ಟರೆ ವಿಳಾಸ ಎರಡು ಸಲ ಬದಲಾಗಿ ಈ ಕೆಲಸ ಇನ್ನೂ ಜಟಿಲವಾಗುತ್ತದೆ. ಹಾಗಿದ್ದಲ್ಲಿ ಎರಡರಲ್ಲೊಂದನ್ನು ಬ್ರಿಡ್ಜ್ ಮೋಡ್‌ಗೆ, ಅಂದರೆ ವಿಳಾಸ ಬದಲಾಯಿಸದೆ ಬರೀ ದಾಟಿಸುವ ಸ್ಥಿತಿಗೆ, ಹಾಕಿಬಿಡುವುದು ಮೇಲು.

ಈ ವಿವರಣೆಯಲ್ಲಿ ನನ್ನನ್ನು ಕಾಡಿದ್ದು ಒಂದು ಸಂಗತಿ. ರೂಟರಿನ ಕೋಷ್ಟಕದಲ್ಲಿ ವಿಳಾಸಗಳಿವೆ, ಪೋರ್ಟುಗಳಿವೆ, ಸಂಪರ್ಕಗಳಿವೆ. ಅಪ್ಪ ಇಲ್ಲ, ತಂಗಿ ಇಲ್ಲ. ಯಾವ ಪ್ಯಾಕೆಟ್ ಸಂದರ್ಶನದ ಮಾತು, ಯಾವುದು ಹತ್ತು ವರ್ಷದ ಹಿಂದಿನ ಪ್ರವಾಸದ ಫೋಟೊ, ಯಾವುದಕ್ಕೆ ಅವಸರ, ಯಾವುದಕ್ಕೆ ನಾಳೆಯಾದರೂ ಆದೀತು ಎಂಬುದು ಅದಕ್ಕೆ ತಿಳಿಯದು. ಆದರೂ ನಮ್ಮ ಮನೆಯಲ್ಲಿ ಯಾರಿಗೆ ಎಷ್ಟು ಪಾಲು ಎಂದು ದಿನವಿಡೀ ತೀರ್ಮಾನಿಸುವುದು ಅದೇ.

ಅಳೆದು ನೋಡಿದಾಗ

ಸಂದರ್ಶನವಾದ ಎರಡು ದಿನಗಳ ನಂತರ, ಮನೆಯಲ್ಲಿ ಯಾರೂ ಏನೂ ಮಾಡುತ್ತಿಲ್ಲದ ಹೊತ್ತು ನೋಡಿ ನಾನು ಪಿಂಗ್ ಚಾಲೂ ಮಾಡಿ ಕುಳಿತೆ. ಪಿಂಗ್ ಎಂದರೆ ಒಂದು ಪುಟ್ಟ ಪ್ಯಾಕೆಟ್ ಕಳುಹಿಸಿ ಅದರ ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವುದು, ಅಷ್ಟೇ. 25 ಮಿಲಿಸೆಕೆಂಡ್, 24, 26, ಹೀಗೆ ಸಮವಾಗಿ ಬರುತ್ತಿತ್ತು. ಅಪ್ಪನ ಲ್ಯಾಪ್‌ಟಾಪ್‌ನಲ್ಲಿ ಅದೇ ಉಪನ್ಯಾಸ ಹಾಕಿದೆ. 30, 28, 33. ಅಂಥ ವ್ಯತ್ಯಾಸವೇನಿಲ್ಲ. ನಮ್ಮ ಸಂಪರ್ಕದ ಡೌನ್‌ಲೋಡ್ ವೇಗ 30 ಎಂಬಿಪಿಎಸ್ (ಒಂದು ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಹತ್ತು ಲಕ್ಷ ಬಿಟ್), ಆ ವಿಡಿಯೊಗೆ ಬೇಕಾದದ್ದು ಐದರ ಒಳಗೆ. ಅಂದು ನಾನು ಅವರ ವಿಡಿಯೊ ನಿಲ್ಲಿಸಿದ್ದಕ್ಕೆ ಯಾವ ಆಧಾರವೂ ಇರಲಿಲ್ಲ.

ಅಷ್ಟರಲ್ಲಿ ನಾನು ಏನೂ ಮಾಡದೆಯೇ ಸಂಖ್ಯೆಗಳು ಏರತೊಡಗಿದವು. 200. 480. 900. ಕೊನೆಗೆ 1,100ರ ಆಸುಪಾಸಿನಲ್ಲಿ ನಿಂತವು. ಗಡಿಯಾರ ನೋಡಿದೆ, ಸಂದರ್ಶನ ಕೆಡತೊಡಗಿದ್ದು ಅದೇ ಹೊತ್ತಿಗೆ. ನನ್ನ ಕಂಪ್ಯೂಟರ್ ಯಾರೂ ಬಳಸದಿರುವುದನ್ನು ಕಂಡು, ನಾನೇ ಹಿಂದೊಮ್ಮೆ ನಿಗದಿ ಮಾಡಿಟ್ಟಿದ್ದಂತೆ, ಫೋಟೊಗಳ ಬ್ಯಾಕಪ್ ಆರಂಭಿಸಿತ್ತು. ಡೌನ್‌ಲೋಡ್ ಒಂದು ಹನಿಯೂ ಇಲ್ಲ, ಬರೀ ಅಪ್‌ಲೋಡ್. ನಮ್ಮ ಅಪ್‌ಲೋಡ್ ವೇಗ 2 ಎಂಬಿಪಿಎಸ್.

ಪ್ರಶ್ನೆಯೇ ತಪ್ಪಾಗಿತ್ತು. 'ಯಾರು ಏನು ಡೌನ್‌ಲೋಡ್ ಮಾಡುತ್ತಿದ್ದೀರಿ' ಎಂದು ವರ್ಷಗಟ್ಟಲೆ ಕೇಳಿದ ನಮ್ಮಲ್ಲಿ ಯಾರೂ 'ಯಾರು ಏನು ಕಳುಹಿಸುತ್ತಿದ್ದೀರಿ' ಎಂದು ಕೇಳಿರಲಿಲ್ಲ. ಮನೆಯ ಸಂಪರ್ಕಗಳಲ್ಲಿ ಅನೇಕವು ಒಳಬರುವುದಕ್ಕೆ ಅಗಲವಾಗಿಯೂ ಹೊರಹೋಗುವುದಕ್ಕೆ ಇಕ್ಕಟ್ಟಾಗಿಯೂ ಇರುತ್ತವೆ. ದೂರವಾಣಿ ತಂತಿಯ ಮೇಲೆ ಬರುವ ಎಡಿಎಸ್‌ಎಲ್ ಎಂಬ ಸಂಪರ್ಕದ ಹೆಸರಿನ ಮೊದಲ ಅಕ್ಷರವೇ ('ಅಸಿಮೆಟ್ರಿಕ್') ಆ ಅಸಮತೆಯನ್ನು ಹೇಳುತ್ತದೆ. ಆ ಇಕ್ಕಟ್ಟು ದಾರಿ ತುಂಬಿದರೆ ಕೆಡುವುದು ಅಪ್‌ಲೋಡ್ ಮಾತ್ರವೂ ಅಲ್ಲ. ನಾವು ಏನನ್ನಾದರೂ ಡೌನ್‌ಲೋಡ್ ಮಾಡುವಾಗ ನಮ್ಮ ಕಂಪ್ಯೂಟರ್ 'ಇಷ್ಟು ತಲುಪಿತು, ಮುಂದಿನದನ್ನು ಕಳುಹಿಸು' ಎಂಬ ಪುಟ್ಟ ರಸೀದಿಗಳನ್ನು ಹಿಂದಕ್ಕೆ ಕಳುಹಿಸುತ್ತಿರಬೇಕು. ಆ ರಸೀದಿಗಳು ಫೋಟೊಗಳ ಹಿಂದೆ ಸಾಲಿನಲ್ಲಿ ಸಿಕ್ಕಿಕೊಂಡರೆ ಅತ್ತ ಕಡೆಯ ಸರ್ವರ್ ಕಾಯುತ್ತ ನಿಲ್ಲುತ್ತದೆ. ಸಂದರ್ಶನದ ದಿನ ಅಪ್ಪನ ಉಪನ್ಯಾಸವೂ ನಡುನಡುವೆ ನಿಂತು ಸಾಗುತ್ತಿತ್ತಂತೆ. ಅದನ್ನು ಅವರು ಹೇಳಿದ್ದು ನಾನು ಇದೆಲ್ಲವನ್ನೂ ವಿವರಿಸಿದ ಮೇಲೆ.

ಸಾಲು

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಧ್ವನಿಯ ಕರೆಗೆ ಬೇಕಾದ ವೇಗ 100 ಕೆಬಿಪಿಎಸ್‌ಗಿಂತ, ಅಂದರೆ ಒಂದು ಎಂಬಿಪಿಎಸ್‌ನ ಹತ್ತನೇ ಒಂದು ಪಾಲಿಗಿಂತ, ಕಡಿಮೆ. ವಿಡಿಯೊ ಸೇರಿದರೆ ಇನ್ನೂ ಬೇಕು, ಆದರೆ ಹೆಚ್ಚಿನ ಕರೆ ತಂತ್ರಾಂಶಗಳು ಇರುವ ಜಾಗಕ್ಕೆ ತಕ್ಕಂತೆ ಚಿತ್ರವನ್ನು ಕುಗ್ಗಿಸಿಕೊಳ್ಳುತ್ತವೆ. ಆದ್ದರಿಂದ ಅವಳ ಮಾತಿಗೆ ಜಾಗ ಇಲ್ಲದೆ ಹೋಯಿತು ಎನ್ನುವಂತಿಲ್ಲ. ಮಾತು ಹೋಗುತ್ತಲೇ ಇತ್ತು, ಆದರೆ ಒಂದು ಸೆಕೆಂಡು ತಡವಾಗಿ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಂಭಾಷಣೆ ಸಹಜವಾಗಿರುತ್ತದೆಂಬುದು ದೂರವಾಣಿ ಕ್ಷೇತ್ರದ ಅಂತರರಾಷ್ಟ್ರೀಯ ಶಿಫಾರಸು. ಒಂದು ಸೆಕೆಂಡು ತಡವಾದರೆ ಇಬ್ಬರೂ ಒಟ್ಟಿಗೆ ಮಾತು ಆರಂಭಿಸುತ್ತಾರೆ, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಾರೆ. ಸಂದರ್ಶನ ಮಾಡುವವರಿಗೆ ಅಭ್ಯರ್ಥಿ ಉತ್ತರಕ್ಕೆ ತಡವರಿಸುತ್ತಿರುವಂತೆಯೂ ಅಡ್ಡಬಾಯಿ ಹಾಕುತ್ತಿರುವಂತೆಯೂ ಕಾಣುತ್ತದೆ. ಇದನ್ನು ನೆನೆದಾಗ ಈಗಲೂ ನನಗೆ ಸಂಕಟವಾಗುತ್ತದೆ.

ಆ ಒಂದು ಸೆಕೆಂಡು ಎಲ್ಲಿಂದ ಬಂತು? ಮೋಡೆಮ್ ಒಳಗಿನ ಸ್ಮೃತಿಯಿಂದ. ಬಂದ ಪ್ಯಾಕೆಟ್ಟುಗಳು ಹೊರಡುವವರೆಗೆ ಕಾಯುವ ಆ ಜಾಗಕ್ಕೆ ಬಫರ್ ಎನ್ನುತ್ತಾರೆ. ಅದು 256 ಕಿಲೋಬೈಟ್ (ಒಂದು ಬೈಟ್ ಎಂದರೆ 8 ಬಿಟ್) ಇದ್ದು, ಹೊರಹೋಗುವ ವೇಗ 2 ಎಂಬಿಪಿಎಸ್ ಇದ್ದರೆ, ತುಂಬಿದ ಬಫರ್ ಖಾಲಿಯಾಗಲು ಒಂದು ಸೆಕೆಂಡಿಗೂ ಸ್ವಲ್ಪ ಹೆಚ್ಚು ಬೇಕು. ನಾನು ಕಂಡ 1,100 ಮಿಲಿಸೆಕೆಂಡಿಗೆ ಈ ಲೆಕ್ಕ ಸರಿಯಾಗಿ ಹೊಂದುತ್ತದೆ. ಫೋಟೊಗಳು ಸಾಲನ್ನು ತುಂಬಿಟ್ಟಿದ್ದವು. ತಂಗಿಯ ಮಾತಿನ ಪ್ರತಿಯೊಂದು ತುಣುಕೂ, ಸೆಕೆಂಡಿಗೆ 50ರಂತೆ, ಬಂದು ಆ ಸಾಲಿನ ಬಾಲದಲ್ಲಿ ನಿಲ್ಲುತ್ತಿತ್ತು. ಸಾಲು ತುಂಬಿ ತುಳುಕಿದಾಗ ಬಂದದ್ದು ಅಲ್ಲೇ ಬಿದ್ದುಹೋಗುತ್ತಿತ್ತು, ಆಗ ಮಾತು ತುಂಡಾಗುತ್ತಿತ್ತು.

ಸಾಲು ಏಕೆ ಯಾವಾಗಲೂ ತುಂಬಿಯೇ ಇರುತ್ತದೆ ಎಂಬುದಕ್ಕೆ ಒಂದು ಇತಿಹಾಸವಿದೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅಲ್ಲಿಂದ ಸುಮಾರು 400 ಗಜ ದೂರದಲ್ಲಿದ್ದ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ದಟ್ಟಣೆ ಹೆಚ್ಚಿದಂತೆ ಎಲ್ಲ ಕಂಪ್ಯೂಟರ್‌ಗಳೂ ತಾವು ಕಳುಹಿಸಿದ್ದು ತಲುಪಲಿಲ್ಲವೆಂದು ಮತ್ತೆ ಮತ್ತೆ ಕಳುಹಿಸಿ ದಟ್ಟಣೆಯನ್ನು ಇನ್ನಷ್ಟು ಹೆಚ್ಚಿಸುತ್ತಿದ್ದವು. ವ್ಯಾನ್ ಜೇಕಬ್‌ಸನ್ ಅವರು ಮೈಕೆಲ್ ಕರೆಲ್ಸ್ ಜೊತೆಗೂಡಿ ಇದಕ್ಕೆ ಕಂಡುಕೊಂಡ ಪರಿಹಾರವನ್ನು 1988ರಲ್ಲಿ ಪ್ರಕಟಿಸಿದರು: ಕಳುಹಿಸುವ ಯಂತ್ರ ನಿಧಾನವಾಗಿ ವೇಗ ಏರಿಸುತ್ತ ಹೋಗಬೇಕು, ಒಂದು ಪ್ಯಾಕೆಟ್ ಕಳೆದುಹೋದದ್ದು ತಿಳಿದ ಕೂಡಲೇ ದಾರಿ ತುಂಬಿದೆಯೆಂದು ಅರಿತು ವೇಗ ತಗ್ಗಿಸಬೇಕು. ಇಂದಿಗೂ ಇಂಟರ್‌ನೆಟ್ ನಿಂತಿರುವುದು ಈ ಬಗೆಯ ಸಂಯಮದ ಮೇಲೆ. ಆದರೆ ಸ್ಮೃತಿ ಅಗ್ಗವಾದಂತೆ ಉಪಕರಣ ತಯಾರಕರು ಬಫರುಗಳನ್ನು ದೊಡ್ಡದು ಮಾಡುತ್ತ ಹೋದರು. ಒಂದು ಪ್ಯಾಕೆಟ್ಟೂ ಕಳೆದುಹೋಗಬಾರದೆಂಬುದು ಅವರ ಸದುದ್ದೇಶ. ಪರಿಣಾಮವಾಗಿ ದಾರಿ ತುಂಬಿದೆ ಎಂಬ ಸುದ್ದಿ ಕಳುಹಿಸುವವನಿಗೆ ತಲುಪುವುದೇ ತಡವಾಯಿತು. ಅವನು ಸುದ್ದಿ ಬರುವವರೆಗೂ ತುಂಬಿಸುತ್ತಲೇ ಇರುತ್ತಾನೆ.

2010ರಲ್ಲಿ ಜಿಮ್ ಗೆಟಿಸ್ ಎಂಬ ತಂತ್ರಜ್ಞರು ತಮ್ಮ ಮನೆಯಿಂದ ದೊಡ್ಡ ಫೈಲುಗಳನ್ನು ಹೊರಗೆ ಕಳುಹಿಸುವಾಗ ಇದನ್ನೇ ಗಮನಿಸಿ, ಬಫರ್‌ಬ್ಲೋಟ್ ಎಂಬ ಹೆಸರು ಕೊಟ್ಟು, ಅದು ಎಲ್ಲೆಲ್ಲೂ ಇದೆ ಎಂದು ತೋರಿಸಿದರು. ಬಫರಿನ ಬಾವು ಎನ್ನಬಹುದೇನೋ. ಇಂಟರ್‌ನೆಟ್ಟಿನ ಆರಂಭದಿಂದ ಅದರೊಡನೆ ಬೆಳೆದ ಪರಿಣತರೊಬ್ಬರು ಈ ತೊಂದರೆಯನ್ನು ಎದುರುಗೊಂಡದ್ದು ಪ್ರಯೋಗಾಲಯದಲ್ಲಲ್ಲ, ತಮ್ಮದೇ ಮನೆಯ ಸಂಪರ್ಕದಲ್ಲಿ ಎಂಬುದನ್ನು ಓದಿದಾಗ ನನಗೆ ಎಷ್ಟೋ ಸಮಾಧಾನವಾಯಿತು.

ಸಮಪಾಲು ಯಾರ ನಡುವೆ

ತಂಗಿಗೆ ಇದನ್ನೆಲ್ಲ ಹೇಳಿದಾಗ ಅವಳು ಕೇಳಿದ್ದು ನೇರವಾದ ಪ್ರಶ್ನೆ: 'ಹಾಗಾದರೆ ಇರುವುದನ್ನು ಎಲ್ಲರಿಗೂ ಸಮವಾಗಿ ಹಂಚಿಬಿಡಲು ಆಗುವುದಿಲ್ಲವೇ ಅಣ್ಣ?' ನನಗೆ ಆಗ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತ ಹೋದಾಗ ಗೊತ್ತಾದದ್ದೇನೆಂದರೆ, ಇಂಟರ್‌ನೆಟ್ ಈಗಾಗಲೇ ಒಂದು ಬಗೆಯ ಸಮಪಾಲು ಮಾಡುತ್ತಿದೆ, ಆದರೆ ಮನುಷ್ಯರ ನಡುವೆ ಮಾಡುತ್ತಿಲ್ಲ. ಜೇಕಬ್‌ಸನ್ ರೂಢಿಗೆ ತಂದ ಕ್ರಮದಲ್ಲಿ ಒಂದೇ ಇಕ್ಕಟ್ಟನ್ನು ಹಾಯುವ ಸಂಪರ್ಕಗಳು (ಇಲ್ಲಿ ಸಂಪರ್ಕವೆಂದರೆ ಮನೆಯ ಬ್ರಾಡ್‌ಬ್ಯಾಂಡ್ ಅಲ್ಲ, ಎರಡು ಯಂತ್ರಗಳ ನಡುವಿನ ಒಂದೊಂದು ಸಂಭಾಷಣೆ), ಉಳಿದೆಲ್ಲ ಸಮನಾಗಿದ್ದರೆ, ಹೆಚ್ಚುಕಡಿಮೆ ಸಮಪಾಲು ಪಡೆಯುತ್ತವೆ. ಅಂದರೆ ಒಬ್ಬರ ತಂತ್ರಾಂಶ ಒಂದು ಸಂಪರ್ಕ ತೆರೆದು, ಇನ್ನೊಬ್ಬರ ತಂತ್ರಾಂಶ ಒಂಬತ್ತು ತೆರೆದರೆ, ಹತ್ತರಲ್ಲಿ ಒಂಬತ್ತು ಪಾಲು ಎರಡನೆಯವರಿಗೆ. ಊಟಕ್ಕೆ ಒಬ್ಬರು ಒಂದು ಎಲೆ ಹಾಕಿಕೊಂಡು ಇನ್ನೊಬ್ಬರು ಒಂಬತ್ತು ಹಾಕಿಕೊಂಡಂತೆ. ಬಡಿಸುವವರು ಎಲೆ ನೋಡಿ ಬಡಿಸುತ್ತಾರೆಯೇ ಹೊರತು ಮುಖ ನೋಡಿ ಅಲ್ಲ. ಬಾಬ್ ಬ್ರಿಸ್ಕೋ ಎಂಬ ಸಂಶೋಧಕರು 2007ರಲ್ಲಿ ಇದನ್ನೇ ಬಹಳ ಕಟುವಾಗಿ ಪ್ರಶ್ನಿಸಿದ್ದಾರೆ: ಸಂಪರ್ಕಗಳ ನಡುವಿನ ಸಮಾನತೆಯನ್ನು ನ್ಯಾಯವೆಂದು ಕರೆಯುವುದು ಹೇಗೆ, ನ್ಯಾಯ ಇರಬೇಕಾದದ್ದು ಬಳಸುವವರ ನಡುವೆ ಅಲ್ಲವೇ ಎಂಬುದು ಅವರ ವಾದ.

ಇದಕ್ಕೆ ಮನೆಯ ಮಟ್ಟದಲ್ಲಿ ಪರಿಹಾರ ಇದೆ, ಮತ್ತು ಅದು ಹೆಚ್ಚು ವೇಗದ ಸಂಪರ್ಕ ಕೊಳ್ಳುವುದಕ್ಕಿಂತ ಮೊದಲು ಮಾಡಬೇಕಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ಜೇಕಬ್‌ಸನ್ 2012ರಲ್ಲಿ ಕೋಡೆಲ್ ಎಂಬ ವಿಧಾನವನ್ನು ಪ್ರಕಟಿಸಿದರು. ಸಾಲಿನಲ್ಲಿ ಎಷ್ಟು ಪ್ಯಾಕೆಟ್ಟುಗಳಿವೆ ಎಂದು ಎಣಿಸುವ ಬದಲು ಪ್ರತಿಯೊಂದೂ ಎಷ್ಟು ಹೊತ್ತು ಕಾಯಿತು ಎಂದು ಅದು ನೋಡುತ್ತದೆ. ಕಾಯುವ ಹೊತ್ತು 5 ಮಿಲಿಸೆಕೆಂಡಿಗಿಂತ ಹೆಚ್ಚಾಗಿ, ಹಾಗೆಯೇ 100 ಮಿಲಿಸೆಕೆಂಡುಗಳ ಕಾಲ ಮುಂದುವರಿದರೆ ಒಂದು ಪ್ಯಾಕೆಟ್ಟನ್ನು ಬೇಕೆಂದೇ ಬೀಳಿಸಿ, ಕಳುಹಿಸುವವನಿಗೆ ಎಚ್ಚರಿಕೆ ಕೊಡುತ್ತದೆ. ಇದಕ್ಕೆ ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಸಾಲು ಕೊಡುವ ಪದ್ಧತಿಯನ್ನು ಸೇರಿಸಿದ ರೂಪವೇ ಎಫ್‌ಕ್ಯೂ-ಕೋಡೆಲ್; 2018ರ ಆರಂಭದಲ್ಲಿ ಅದರ ವಿವರ ಇಂಟರ್‌ನೆಟ್‌ನ ತಾಂತ್ರಿಕ ದಾಖಲೆಗಳಲ್ಲಿ ಸೇರಿತು. ಅದರಲ್ಲಿ ಆಗಷ್ಟೇ ಬಂದ ಸಣ್ಣ ಸಂಪರ್ಕದ ಪ್ಯಾಕೆಟ್ಟುಗಳು ದೊಡ್ಡ ಸಾಲುಗಳ ಹಿಂದೆ ಕಾಯಬೇಕಿಲ್ಲ. ಅದೇ ವರ್ಷ ಅನೇಕ ರೂಟರುಗಳ ಒಳಗಿರುವ ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳಾದ ಕರ್ನೆಲ್‌ನ 4.19ನೇ ಆವೃತ್ತಿಗೆ ಸೇರಿದ ಕೇಕ್ ಎಂಬ ವಿಧಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನ್ಯಾಟ್‌ನ ಕೋಷ್ಟಕದೊಳಗೆ ಇಣುಕಿ ನೋಡಿ, ಮೊದಲು ಯಂತ್ರಗಳ ನಡುವೆ ಸಮವಾಗಿ ಹಂಚಿ ಆಮೇಲೆ ಪ್ರತಿ ಯಂತ್ರದ ಸಂಪರ್ಕಗಳ ನಡುವೆ ಹಂಚಬಲ್ಲದು. ಎಷ್ಟು ಎಲೆ ಹಾಕಿಕೊಂಡರೂ ಒಬ್ಬರಿಗೆ ಒಬ್ಬರ ಪಾಲೇ.

ಆದರೆ ಇದು ಕೆಲಸ ಮಾಡಬೇಕಾದರೆ ಒಂದು ಷರತ್ತಿದೆ, ನಾನು ಮೊದಲ ಪ್ರಯತ್ನದಲ್ಲಿ ಎಡವಿದ್ದು ಇಲ್ಲೇ. ಸಾಲು ಕಟ್ಟುವುದು ದಾರಿ ಎಲ್ಲಿ ಕಿರಿದಾಗುತ್ತದೆಯೋ ಅಲ್ಲಿ. ನನ್ನ ರೂಟರಿನಿಂದ ಮೋಡೆಮ್‌ಗೆ ಹೋಗುವ ಕೇಬಲ್ 100 ಎಂಬಿಪಿಎಸ್‌ನದ್ದು. ಅಲ್ಲಿ ದಟ್ಟಣೆಯೇ ಇಲ್ಲ. ಎಲ್ಲ ಪ್ಯಾಕೆಟ್ಟುಗಳೂ ರೂಟರನ್ನು ಸಲೀಸಾಗಿ ದಾಟಿ ಮೋಡೆಮ್‌ನ ವಿವೇಚನೆಯಿಲ್ಲದ ಸಾಲಿನಲ್ಲಿ ಹೋಗಿ ರಾಶಿ ಬೀಳುತ್ತಿದ್ದವು. ರೂಟರಿನಲ್ಲಿ ನಾನು ಹಾಕಿದ ಹೊಸ ವಿಧಾನಕ್ಕೆ ಮಾಡಲು ಕೆಲಸವೇ ಇರಲಿಲ್ಲ. ಮರುದಿನ ರೂಟರಿನ ಹೊರಹೋಗುವ ವೇಗವನ್ನು ಬೇಕೆಂದೇ 1.8 ಎಂಬಿಪಿಎಸ್‌ಗೆ ಇಳಿಸಿದೆ, ಅಂದರೆ ಮೋಡೆಮ್‌ಗಿಂತ ಶೇಕಡಾ 10 ಕಡಿಮೆ. ಒಳಬರುವ ವೇಗವನ್ನೂ ಅದೇ ಪ್ರಮಾಣದಲ್ಲಿ ಇಳಿಸಿದೆ. ಈಗ ಕಿರಿದಾದ ಜಾಗ ರೂಟರೇ ಆಯಿತು, ಸಾಲು ವಿವೇಚನೆ ಇರುವ ಕಡೆಗೆ ಬಂತು. ಬ್ಯಾಕಪ್ ಚಾಲೂ ಮಾಡಿದೆ. ಪಿಂಗ್: 31, 35, 29, 34. ಕೊಂಡ ವೇಗದಲ್ಲಿ ಹತ್ತರಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟದ್ದಕ್ಕೆ ಒಂದು ಸೆಕೆಂಡಿನ ತಡ ಇಲ್ಲವಾಯಿತು. ಪರದೆಯ ಮೇಲೆ ಆ ಸಂಖ್ಯೆಗಳು ಸಮವಾಗಿ ಇಳಿದುಬರುವುದನ್ನು ನಾನು ತುಂಬ ಹೊತ್ತು ನೋಡುತ್ತ ಕುಳಿತೆ.

ಗಾಳಿಯೂ ಹಂಚಿಕೆಯೇ

ಇಷ್ಟಾದರೂ ಒಂದು ಮೂಲೆ ಉಳಿದುಕೊಂಡಿದೆ, ಅದು ವೈಫೈ. ಕೇಬಲ್ ಹಾಕಿದ ಕಂಪ್ಯೂಟರ್‌ಗಳಿಗೆ ಕೇಬಲ್‌ಗಳನ್ನು ಜೋಡಿಸುವ ಸ್ವಿಚ್ ಎಂಬ ಭಾಗ ಪ್ರತ್ಯೇಕ ದಾರಿ ಕೊಡುತ್ತದೆ. ವೈಫೈನಲ್ಲಿ ಒಂದು ಚಾನೆಲ್‌ನಲ್ಲಿ ಒಂದು ಕ್ಷಣಕ್ಕೆ ಸಾಮಾನ್ಯವಾಗಿ ಒಬ್ಬರದೇ ಮಾತು, ಉಳಿದವರು ಕಾಯಬೇಕು. ಅಲ್ಲಿನ ನಿಯಮ ಎಲ್ಲರಿಗೂ ಮಾತಾಡುವ ಸರದಿಯನ್ನು ಸಮನಾಗಿ ಕೊಡುತ್ತದೆ, ಸಮಯವನ್ನು ಅಲ್ಲ. ದೂರದ ಕೋಣೆಯಲ್ಲಿ ಸಿಗ್ನಲ್ ದುರ್ಬಲವಾದ ಯಂತ್ರ ಅಷ್ಟೇ ದತ್ತಾಂಶವನ್ನು ಬಹಳ ನಿಧಾನವಾಗಿ ಹೇಳುವುದರಿಂದ ಗಾಳಿಯ ಹೆಚ್ಚಿನ ಸಮಯವನ್ನು ಅದೊಂದೇ ತೆಗೆದುಕೊಳ್ಳುತ್ತದೆ. ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು 2003ರಲ್ಲಿ ತೋರಿಸಿದಂತೆ, 11 ಎಂಬಿಪಿಎಸ್ ಸಾಮರ್ಥ್ಯದ ಕಂಪ್ಯೂಟರ್ ಪಕ್ಕದಲ್ಲಿ 1 ಎಂಬಿಪಿಎಸ್‌ಗೆ ಇಳಿದ ಇನ್ನೊಂದು ಇದ್ದರೆ, ಎರಡೂ 1 ಎಂಬಿಪಿಎಸ್‌ಗಿಂತ ಕೆಳಗಿಳಿಯುತ್ತವೆ. ಇತ್ತೀಚಿನ ಕೆಲವು ರೂಟರುಗಳು ಸರದಿಯ ಬದಲು ಸಮಯವನ್ನೇ ಹಂಚಲು ಕಲಿತಿವೆ, ನಮ್ಮದು ಕಲಿತಿಲ್ಲ. ನಮ್ಮ ಮನೆಯಲ್ಲಿ ಆ ದೂರದ, ನಿಧಾನದ ಯಂತ್ರ ಅಪ್ಪನ ಹಳೆಯ ಲ್ಯಾಪ್‌ಟಾಪ್. ಹಾಗೆ ನೋಡಿದರೆ ಅವರಿಂದ ತೊಂದರೆಯೇ ಇಲ್ಲವೆಂದಲ್ಲ; ಆದರೆ ಅದು ಅವರು ಏನು ನೋಡುತ್ತಾರೆ ಎನ್ನುವುದರಿಂದ ಬಂದದ್ದಲ್ಲ, ಎಲ್ಲಿ ಕೂರುತ್ತಾರೆ ಎನ್ನುವುದರಿಂದ ಬಂದದ್ದು. ನಡುವೆ ಎರಡು ಗೋಡೆಗಳಿವೆ. ಅವರು ಕೂರುವ ಕುರ್ಚಿಯವರೆಗೆ ಒಂದು ಕೇಬಲ್ ಎಳೆದರೆ ಅದೂ ಮುಗಿಯುತ್ತದೆ. ಇಂಥ ಕೇಬಲ್ 100 ಮೀಟರಿನವರೆಗೆ ಸರಿಯಾಗಿ ಕೆಲಸ ಮಾಡುತ್ತದೆ, ನಮಗೆ ಬೇಕಾದದ್ದು ಹದಿನೆಂಟು. ಅಳತೆ ಆಗಿದೆ, ಗೋಡೆಯಲ್ಲಿ ತೂತು ಕೊರೆಯುವುದು ಬಾಕಿ ಇದೆ.

ತಂಗಿ ಈಗ ಬೇರೊಂದು ಕೆಲಸದಲ್ಲಿದ್ದಾಳೆ, ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ. ಅವಳ ಕರೆಗಳು ನಡೆಯುವಾಗ ನನ್ನ ಬ್ಯಾಕಪ್ ಕೂಡ ನಡೆಯುತ್ತಿರುತ್ತದೆ, ಒಂದಕ್ಕೊಂದು ತಾಗುವುದಿಲ್ಲ. ಅಪ್ಪನಿಗೆ ನಾನು ಕ್ಷಮೆ ಕೇಳಿದ್ದೇನೆ, ನಿಮ್ಮ ವಿಡಿಯೊದಿಂದ ಯಾರ ಕರೆಗೂ ಏನೂ ಆಗುವುದಿಲ್ಲವೆಂದು ಪಿಂಗ್‌ನ ಸಂಖ್ಯೆಗಳನ್ನು ಎದುರಿಗಿಟ್ಟು ತೋರಿಸಿದ್ದೇನೆ. ಅವರು ಗಮನವಿಟ್ಟು ನೋಡಿ, ತಲೆದೂಗಿದರು. ಆದರೂ ಪ್ರತಿ ಸಂಜೆ ಲ್ಯಾಪ್‌ಟಾಪ್ ತೆರೆಯುವ ಮೊದಲು ಒಳಗಿನ ಕೋಣೆಯ ಬಾಗಿಲ ಬಳಿ ಬಂದು ನಿಂತು, 'ಯಾರದಾದರೂ ಕರೆ ಇದೆಯೇನಪ್ಪಾ? ನಾನು ಹಾಕಬಹುದೇ?' ಎಂದು ಕೇಳುತ್ತಾರೆ.